ಆರ್ಕ್ ಅಂದರೆ ಬಾಯಿ ಮುಚ್ಚು

ಅಥವಾ ಅಪ್ಪ ಅನ್ನುತ್ತಿದ್ದದ್ದು ಆ ಪದವೇ ಅಲ್ಲವೇನೋ. ‘ಹಾರ್ಕ್’ ಎಂಬ ಹಳೆಯ ಇಂಗ್ಲಿಷ್ ಪದ, ಅಂದರೆ ‘ಕಿವಿಗೊಟ್ಟು ಕೇಳು’, ಚಿನ್ನದ ಗಣಿಯೂರು ಉರಿಗಾಂನ ನಮ್ಮ ಮನೆಯಲ್ಲಿ ದಿನಬಳಕೆಯಲ್ಲಿತ್ತು ಎಂದು ನಾನು ಹೇಳಿಕೊಂಡು ತಿರುಗುತ್ತೇನೆ; ಆದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವನ ನೆನಪು ತನಗೆ ಬೇಕಾದ ಪದವನ್ನೇ ಕೇಳಿಸಿಕೊಳ್ಳುತ್ತದೆ. ನನ್ನ ನೆನಪನ್ನು ನಂಬುವುದಾದರೆ, ಗಣಿಯೊಳಗೆ ಅಪ್ಪ ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಸದ್ದು ಕೇಳುತ್ತಿದ್ದ. ಗಟ್ಟಿ ಸದ್ದಾದರೆ ಕೆಲಸ, ಪೊಳ್ಳು ಸದ್ದಾದರೆ ಓಟ. ತಟ್ಟುವ ಮುನ್ನ ಯಾರೋ ಬಿಳಿ ದೊರೆ ಕಲಿಸಿದ ಈ ಪದವನ್ನು ಕೂಗಬೇಕು, ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಅಪ್ಪ ಅದನ್ನು, ಹಕಾರವನ್ನು ಗಣಿಯಲ್ಲೇ ಬಿಟ್ಟು, ಮನೆಗೆ ತಂದ. “ಆರ್ಕ್” ಅಂದರೆ ಉಣ್ಣುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಲ್ಲಬೇಕು. ನಿಂತ ಮೇಲೆ ಕೇಳಿಸುತ್ತಿದ್ದದ್ದು ಹೆಚ್ಚಾಗಿ ಪಕ್ಕದ ಮನೆಯವರ ಜಗಳ.

ನಿಘಂಟನ್ನೂ ನೋಡಿದ್ದೇನೆ. ‘ಹಿಯರ್’ ಎಂಬ ಪದದ ಹಳೆಯ ದಾಯಾದಿಯಂತೆ. ಕೊನೆಯಲ್ಲಿ ಅಂಟಿಕೊಂಡ ‘ಕ್’ ಬಹುಶಃ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದರ ಗುರುತಂತೆ. ಬೇಟೆಯಲ್ಲಿ ವಾಸನೆ ತಪ್ಪಿದ ನಾಯಿಗಳನ್ನು ಬಂದ ದಾರಿಗೇ ಹಿಂದಿರುಗಿಸಲೂ ಇದನ್ನೇ ಕೂಗುತ್ತಿದ್ದರಂತೆ. ಕೇಳು ಎಂದವನು ತಾನೂ ಕೇಳಬೇಕೆಂದು ಮಾತ್ರ ಎಲ್ಲೂ ಬರೆದಿಲ್ಲ.

ಈಗ ಅಪ್ಪನಿಗೆ ಕಿವಿ ಕೇಳಿಸದು. ಅವ್ವ ಮಾತು ಶುರು ಮಾಡಿದ್ದಾಳೆ. ಅವನ ಮಂಚದ ಪಕ್ಕ ಮೊರ ಇಟ್ಟುಕೊಂಡು, ಅವರೆಕಾಯಿ ಸುಲಿಯುತ್ತ, ಮದುವೆಯಾದಂದಿನಿಂದ ನುಂಗಿದ್ದನ್ನೆಲ್ಲ ಅವನ ಮುಖಕ್ಕೇ ಹೇಳುತ್ತಾಳೆ. ಬಯ್ಗುಳಕ್ಕೆ ತೆಲುಗು, ಅಳುವುದಕ್ಕೆ ಕನ್ನಡ, ಅವನ ಅಕ್ಕನ ವಿಷಯಕ್ಕೆ ಮಾತ್ರ ತಮಿಳು.

“ಏನಯ್ಯಾ, ನಮ್ಮವ್ವ ಓಗ್ಬಿಟ್ಳು ಅಂತ ಕ್ಯಾಸಂಬಳ್ಳಿಯಿಂದ ಆಳ್ ಬಂದಿದ್ದ. ನಿಂಗೆ ಯೋಳಾಣ ಅಂತ ಬಾಯ್ ತೆಗೆದೆ. ಆರ್ಕ್ ಅಂದೆ. ನಿಂಗೆ ನೆಲದಡಿ ಗಣಿ ಸದ್ದು ಕೇಳ್ಬೇಕಿತ್ತು. ಬಸ್ ಓಯ್ತು. ನಾನ್ ಓಗೋಷ್ಟ್ರಲ್ಲಿ ಮಣ್ಣಾಕಿದ್ರು.”

ಅವ್ವ ಇದನ್ನು ಹೇಳುವಾಗ ಕೆಲವು ದಿನ ಬಸ್ಸು ಹೋಗಿಬಿಟ್ಟಿರುತ್ತದೆ. ಕೆಲವು ದಿನ ಬಸ್ಸೇ ಇರುವುದಿಲ್ಲ, ಅವ್ವ ನಡೆದೇ ಹೋಗಿರುತ್ತಾಳೆ. ಅಜ್ಜಿಯ ಮುಖ ಮಾತ್ರ ಯಾವ ಸಲವೂ ಸಿಗುವುದಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ತಲೆಯಾಡಿಸಿ “ಕಾಪಿ ಕೊಡು” ಅನ್ನುತ್ತಾನೆ.

ನಾನು, ವಿದ್ಯಾವಂತ ಮಗ, ಬಂಗಾರಪೇಟೆಗೆ ಹೋಗಿ ಕಿವಿಗೆ ಹಾಕುವ ಮಿಷನ್ ತಂದೆ. ಮನೆಯಲ್ಲಿ ಹೊಗಳುತ್ತಾರೆ ಅಂದುಕೊಂಡಿದ್ದೆ. ಅವ್ವ ಅದನ್ನು ಕಸಿದು ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟಳು.

“ಇವಾಗ್ಲೇ ಬ್ಯಾಡ ಕಣ್ಲಾ. ಇನ್ನೂ ವಸಿ ಐತೆ.”

“ಏನವ್ವಾ ಐತೆ?”

“ಯೋಳೋದು.”

“ಕೇಳಿಸ್ದೇ ಇರೋನ್ಗೆ ಯೋಳಿ ಏನ್ ಬಂತವ್ವಾ?”

“ಕೇಳಿಸ್ತಿದ್ದಾಗ ಏನ್ ಬಂತು? ಮಿಷನ್ ಆಕಿದ್ ತಕ್ಷಣ ಆರ್ಕ್ ಅಂತಾನೆ. ನಾನೂ ಸುಮ್ನಾಗ್ಬಿಡ್ತೀನಿ, ಅಬ್ಯಾಸ. ಬೇಕಾದ್ರೆ ನೀನ್ ಆಕ್ಕೋ. ನಿಂಗೂ ಅಷ್ಟೇ, ಯಾರ್ ಮಾತೂ ಕೇಳ್ಸಲ್ಲ.”

ನಿನ್ನೆ ಅವ್ವ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋದಾಗ ಮಿಷನ್ ತೆಗೆದು ಅಪ್ಪನ ಮುಂದೆ ಹಿಡಿದೆ. ನೋಡಿದ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ. ಮಂಚದ ಪಕ್ಕದಲ್ಲಿದ್ದ ಅವ್ವನ ಖಾಲಿ ಮೊರವನ್ನು ಬೆರಳಿನಿಂದ ತಟ್ಟಿ, “ಬ್ಯಾಡ” ಅಂದ.

“ಯಾಕಪ್ಪಾ?” ಅಂದೆ. ಇನ್ನೊಮ್ಮೆ, ಬೀದಿಗೆಲ್ಲ ಕೇಳಿಸುವಂತೆ ಕೇಳಿದೆ. ಕಣ್ಣು ಮುಚ್ಚಿಕೊಂಡ.

ಒಂದು ಪದ ಎಲ್ಲಿಂದ ಬಂತೆಂದು, ಯಾರೂ ಕೇಳದಿದ್ದರೂ, ನಾನು ಹೇಳಬಲ್ಲೆ. ನನ್ನ ಪ್ರಶ್ನೆ ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಅವ್ವನ ಮಾತು ಇಷ್ಟು ದಿನ ಕೇಳಿಸಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.