ನಾನೂರನೆಯ ಹಕ್ಕಿಯ ಸಾಕ್ಷಿ

ಕೊರಳಿಗೆ ದುರ್ಬೀನು ಬಿದ್ದ ಮೇಲೆ ಮನುಷ್ಯನ ಕಣ್ಣಿಗೆ ಹಕ್ಕಿ ಬೀಳುತ್ತದೆ ಎಂದು ನಾನು ಹೇಳಲಾರೆ. ಆದರೆ ಅವನು ನಾಲ್ಕು ಜನರ ಕಣ್ಣಿಗೆ ಬೀಳುವುದು ಮಾತ್ರ ಖಂಡಿತ. ನನಗಂತೂ ಈ ಕೆಲವು ವರ್ಷಗಳಿಂದ ಅದು ವಾರದ ಕೆಲಸವೇ ಆಗಿಬಿಟ್ಟಿದೆ. ನೆನಪಿದ್ದಷ್ಟನ್ನು ಬರೆಯುತ್ತೇನೆ.

೧. ನನ್ನ ಯೋಗ್ಯತೆ

ನಾನು ಸವದತ್ತಿ ಕಡೆಯ ಹಳ್ಳಿಯವನು. ಗುಡಿಯ ಪೌಳಿಯಲ್ಲಿ ನಡೆಯುತ್ತಿದ್ದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು. ಆಮೇಲೆ ಸಮುದ್ರ ದಾಟಿ ಬಂದು, ಹಿಮ ಬೀಳುವ ಈ ದೇಶದ ಮಿಲ್ಟನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಏರಿಸಿ ಇಳಿಸಿ ನಿವೃತ್ತನಾದೆ. ಮನೆದೇವರು ವೆಂಕಟರಮಣ. ಬೆಳಿಗ್ಗೆ ಸ್ನಾನ, ಪೂಜೆ, ಶನಿವಾರ ಒಪ್ಪತ್ತು. ಹಕ್ಕಿಗಳಲ್ಲಿ ನನಗೆ ಗೊತ್ತಿದ್ದವು ಕಾಗೆ, ಗುಬ್ಬಿ ಮತ್ತು ಉಳಿದವು.

ಇಂಥವನನ್ನು ಸ್ಕಾರ್‌ಬರೋದ ಡಾಕ್ಟರು ಹುಡುಕಿಕೊಂಡು ಬಂದರು. ಅವರು ಮೈಸೂರಿನವರು, ಈ ದೇಶಕ್ಕೆ ಬಂದು ಐವತ್ತು ವರ್ಷವಾದವರು, ದೇವರು ದಿಂಡರನ್ನು ಅಲ್ಲಿಯೇ ಬಿಟ್ಟು ಬಂದೆ ಎಂದು ಹೇಳಿಕೊಳ್ಳುವವರು. ನಿವೃತ್ತರಾದ ಮೇಲೆ ನಮ್ಮವರದೇ ಒಂದು ಪಕ್ಷಿವೀಕ್ಷಣೆಯ ಬಳಗ ಕಟ್ಟಿದ್ದರು. ಬಳಗದಲ್ಲಿ ಅವರಿಗೊಬ್ಬರು ಪ್ರತಿಸ್ಪರ್ಧಿ, ಯೂನಿಯನ್‌ವಿಲ್‌ನ ಪ್ರೊಫೆಸರು, ಮಂಗಳೂರು ಕಡೆಯವರು. ಮೊದಲು ನಾನೂರು ಜಾತಿಯ ಹಕ್ಕಿ ನೋಡಿದವರು ಬಳಗಕ್ಕೆ ಬದುಕಿರುವವರೆಗೂ ಅಧ್ಯಕ್ಷರು ಎಂದು ಇಬ್ಬರಲ್ಲೂ ಪಂಥ. ಪ್ರೊಫೆಸರು ಇರುವೆಯನ್ನು ಕಂಡರೂ ಹದ್ದು ಎನ್ನುತ್ತಾರೆಂಬ ಗುಮಾನಿಯಿಂದ ಡಾಕ್ಟರೇ ಒಂದು ಕಾನೂನು ಮಾಡಿದ್ದರು: ಹಕ್ಕಿ ಪಟ್ಟಿಗೆ ಸೇರಬೇಕಾದರೆ ಅದನ್ನು ಬಳಗದ ಇನ್ನೊಬ್ಬ ಸದಸ್ಯ ಕೂಡ ನೋಡಿರಬೇಕು.

"ನೀವು ಸುಳ್ಳು ಹೇಳಲ್ವಂತೆ?" ಎಂದು ಕೇಳಿದರು ಡಾಕ್ಟರು.

"ದೇವರ ದಯಾ, ಪ್ರಸಂಗ ಬಂದಿಲ್ರೀ."

"ಸಾಕು. ಇವತ್ತಿನಿಂದ ನೀವು ಬಳಗದ ಸದಸ್ಯರು, ನನ್ನ ಸಾಕ್ಷಿ."

ಸಾಕ್ಷಿಯ ಮೊದಲ ಪರೀಕ್ಷೆ ಮಾಘದ ಚಳಿಯಲ್ಲಿ, ಸ್ಕಾರ್‌ಬರೋದ ಸರೋವರದ ದಂಡೆಯ ಮೇಲೆ. ಡಾಕ್ಟರು ಮೂರು ಕಾಲಿನ ದೂರದರ್ಶಕಕ್ಕೆ ಕಣ್ಣು ಹಚ್ಚಿ ಚೀರಿದರು: "ಬಂತು! ಅಪರೂಪದ ಬಾತು! ನೋಡಿ, ನೋಡಿ!" ನಾನು ಬಾಗಿ ನೋಡಿದೆ. ನನ್ನ ಉಸಿರಿಗೆ ಗಾಜು ಮಂಜಾಯಿತು. ಒರೆಸಿ ನೋಡಿದೆ. ತೆರೆಗಳ ನಡುವೆ ಒಂದು ಕರಿ ಚುಕ್ಕೆ ಏಳುತ್ತಿತ್ತು, ಮುಳುಗುತ್ತಿತ್ತು.

"ಕಂಡಿತೇ?"

"ಏನೋ ತೇಲಾಕಹತ್ತೈತ್ರೀ. ಬಾತುಕೋಳಿ ಹೌದೋ ಅಲ್ಲೋ, ಆ ವೆಂಕಟರಮಣನಿಗೇ ಗೊತ್ತು."

ಡಾಕ್ಟರು ಪಟ್ಟಿಯ ಪುಸ್ತಕವನ್ನು ಪಟ್ಟನೆ ಮುಚ್ಚಿದರು. "ಅವನ ಸಾಕ್ಷಿ ನಡೆಯಲ್ಲ ಸ್ವಾಮಿ. ಅವನು ಬಳಗದ ಸದಸ್ಯ ಅಲ್ಲ."

೨. ಮನೆಯ ಮೇಲಿನ ಅತಿಥಿ

ನಮ್ಮ ಮಿಲ್ಟನ್ನಿನ ಮನೆ ಹೊಸ ಬಡಾವಣೆಯ ಕಟ್ಟಕಡೆಯದು. ಹಿಂದೆ ಬಯಲು. ಒಂದು ಬೆಳಿಗ್ಗೆ ಪೂಜೆಯಲ್ಲಿ ಕೂತಿದ್ದೆ, ಹೊರಗೆ ಗುಜುಗುಜು. ನನ್ನಾಕೆ ಬಾಗಿಲು ತೆರೆದರೆ ನಮ್ಮ ಡ್ರೈವ್‌ವೇ ತುಂಬ ಜನ, ಎಲ್ಲರ ಕೈಯಲ್ಲೂ ಉದ್ದನೆಯ ಕ್ಯಾಮೆರಾ. ಎಲ್ಲರೂ ನಮ್ಮ ಮನೆಯ ನೆತ್ತಿಯನ್ನೇ ನೋಡುತ್ತಿದ್ದಾರೆ. ಅಲ್ಲಿ, ಹಿಮದಷ್ಟೇ ಬೆಳ್ಳಗಿನ ಒಂದು ಗೂಬೆ ಕೂತಿತ್ತು.

"ಅಯ್ಯ ನಮ್ಮವ್ವ! ಮನಿ ಮ್ಯಾಲ ಗೂಬಿ!" ಎಂದು ಆಕೆ ಒಳಗೆ ಓಡಿ, ಹಿಮ ಎಳೆಯುವ ಉದ್ದನೆಯ ಸಲಿಕೆಯನ್ನೇ ಹಿಡಿದು ಬಂದಳು. ಜನ ಹೌಹಾರಿದರು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಕೈಮುಗಿಯುವುದೊಂದು ಬಾಕಿ. ನಾನು ಘಂಟೆ ಕೈಯಲ್ಲಿ ಹಿಡಿದೇ ಹೊರಗೆ ಬಂದೆ. ಅಷ್ಟರಲ್ಲಿ ಸುದ್ದಿ ತಿಳಿದು ಡಾಕ್ಟರೂ ಕಾರಿನಿಂದ ಇಳಿದರು.

"ಅಮ್ಮಾ, ಓಡಿಸಬೇಡಿ! ಉತ್ತರ ಧ್ರುವದಿಂದ ಬಂದಿದೆ ಪಾಪ."

"ಎಲ್ಲಿಂದರ ಬರವೊಲ್ಲದ್ಯಾಕ ಡಾಕ್ಟ್ರ, ಗೂಬಿ ಗೂಬಿನ. ಗೂಬಿ ಕುಂತ ಮನಿ ಬಿಡಬೇಕಂತಾರ. ನಾವು ಮನಿ ಬಿಟ್ರ ಬ್ಯಾಂಕಿನವರು ಸಾಲ ಬಿಡ್ತಾರೇನ್ರೀ?"

ವಿಜ್ಞಾನ ನಡೆಯುವುದಿಲ್ಲವೆಂದು ಡಾಕ್ಟರಿಗೆ ಹೊಳೆಯಿತು. ಐವತ್ತು ವರ್ಷ ಮುಟ್ಟದ ಆಯುಧ ಎತ್ತಿದರು. "ಅಮ್ಮಾ, ಗೂಬೆ ಯಾರ ವಾಹನ? ಸಾಕ್ಷಾತ್ ಲಕ್ಷ್ಮಿಯ ವಾಹನ!"

ಸಲಿಕೆ ಕೆಳಗಿಳಿಯಿತು. ಆಕೆ ಒಳಗೆ ಹೋಗಿ ಅರಿಷಿಣ ಕುಂಕುಮದ ತಟ್ಟೆಯೊಡನೆ ಬಂದು, ಕತ್ತೆತ್ತಿ ಬಹಳ ಹೊತ್ತು ನೋಡಿದಳು. ಕ್ಯಾಮೆರಾಗಳು ಕಟಕಟ ಎಂದವು. ಆಮೇಲೆ ಕೇಳಿದಳು:

"ಅಲ್ರೀ ಡಾಕ್ಟ್ರ, ಲಕ್ಷ್ಮೀ ವಾಹನ ಆದ್ರ ಒಳಗ ಬರಬೇಕಲ್ಲ? ಮನಿ ಮ್ಯಾಲ ಕುಂತು ಯಾರ ದಾರಿ ನೋಡಾಕತ್ತೈತಿ?"

೩. ಬಾಯಿ ಬಿಡದ ಸಾಕ್ಷಿ

ಪಟ್ಟಿಗಳು ಬೆಳೆದವು. ಇಬ್ಬರೂ ಮುನ್ನೂರ ತೊಂಬತ್ತು ದಾಟಿದರು. ಈ ಕಡೆಯ ಹಕ್ಕಿಗಳೆಲ್ಲ ಮುಗಿದಿದ್ದವು. ಡಾಕ್ಟರು ದಕ್ಷಿಣ ಸ್ಪೇನಿಗೆ ಹೋಗುವುದೆಂದು ನಿಶ್ಚಯಿಸಿದರು. ಅಲ್ಲಿ ನೀರುಹಕ್ಕಿ, ಹದ್ದು, ರಣಹದ್ದು ಹೇರಳವಂತೆ. ಅವರಿಗೆ ಆಗಲೇ ಎಪ್ಪತ್ತೊಂಬತ್ತು. ಮೊಣಕಾಲು ಎರಡೂ ಹೊಸವು. ವಿಮಾನ ನಿಲ್ದಾಣದಲ್ಲಿ ಬಿಡಲು ಬಂದ ಮಗಳು, "ಅಪ್ಪಾ, ದಿಸ್ ಈಸ್ ದ ಲಾಸ್ಟ್ ಒನ್, ಓಕೆ?" ಎಂದಳು. ಡಾಕ್ಟರು ಓಕೆ ಎಂದರು. ನನ್ನ ಕಡೆ ತಿರುಗಿ, "ಆದ್ದರಿಂದ ನಾನೂರು ಆಗಲೇಬೇಕು, ಗೊತ್ತಾಯ್ತೇ?" ಎಂದರು. ಧ್ವನಿ ಸ್ವಲ್ಪ ಮೆತ್ತಗಿತ್ತು. ನಾನು, ನನ್ನಾಕೆ, ಅವರು, ಮೂವರೇ ಹೊರಟೆವು.

ಜೌಗಿನ ದಂಡೆಯಲ್ಲಿ ಹಲಗೆಯ ಒಂದು ಮರೆಗುಡಿಸಲು. ಒಳಗೆ ಬೆಂಚು, ಎದುರಿಗೆ ಉದ್ದನೆಯ ಸೀಳುಕಿಟಕಿ, ಅದರಾಚೆ ರಾಜಹಂಸಗಳ ಜಾತ್ರೆ. ಒಳಗೆ ಎಂಟು ಹತ್ತು ಜನ ಬಿಳಿಯರು ಉಸಿರು ಬಿಗಿಹಿಡಿದು ಕೂತಿದ್ದರು. ಅಂದು ಶನಿವಾರ. ನನ್ನದು ಅವಲಕ್ಕಿ ಚೂಡಾದ ಮೇಲಿನ ಒಪ್ಪತ್ತು. ಮೊದಲ ತುತ್ತು ಕಡಿದದ್ದೇ ಎಲ್ಲ ದುರ್ಬೀನುಗಳೂ ನನ್ನ ಕಡೆ ತಿರುಗಿದವು.

"ಅಗಿಯಬೇಡಿ!" ಎಂದು ಡಾಕ್ಟರು ಕಿವಿಯಲ್ಲಿ ಪಿಸುಗುಟ್ಟಿದರು. "ಬಾಯಲ್ಲೇ ನೆನೆಸಿ."

ನೆನೆಸುತ್ತ ಕೂತೆ. ಆಗ ಪಕ್ಕದ ಮುದುಕರೊಬ್ಬರು, ಬಲು ಸಭ್ಯರು, ನೀರಿನತ್ತ ಬೆರಳು ತೋರಿ ನನ್ನನ್ನು ಕೇಳಿದರು: ಅದು ಬಿಳಿತಲೆಯ ಬಾತು ಅಲ್ಲವೇ, ಅಪರೂಪದ್ದು? ಬಾಯಿ ತುಂಬ ಅವಲಕ್ಕಿ. ನನಗೇನು ಗೊತ್ತು ಎನ್ನುವಂತೆ, ನಮ್ಮ ಕಡೆಯ ಪದ್ಧತಿಯಲ್ಲಿ ತಲೆ ಅಲ್ಲಾಡಿಸಿದೆ. ಅವರ ಮುಖ ಅರಳಿತು. ಪುಸ್ತಕದಲ್ಲಿ ಬರೆದುಕೊಂಡರು. ಆಚೆಯವರಿಗೆ ಹೇಳಿದರು. ಅವರು ಇನ್ನಾಚೆಯವರಿಗೆ. ಹತ್ತು ಲೇಖನಿಗಳು ಸರಸರ ಓಡಿದವು. ಬೆಂಚಿನ ಕೊನೆಯಿಂದ ಸುದ್ದಿ ಡಾಕ್ಟರಿಗೇ ತಿರುಗಿ ಬಂತು: ಭಾರತದ ಒಬ್ಬ ದೊಡ್ಡ ತಜ್ಞರು ಖಚಿತಪಡಿಸಿದ್ದಾರಂತೆ.

ಹೊರಗೆ ಬಂದ ಮೇಲೆ ಡಾಕ್ಟರು ಕೆಂಡವಾದರು. "ಸ್ಕಾರ್‌ಬರೋದಲ್ಲಿ ನನಗೊಂದು ಬಾತು ಕೊಡೋಕೆ ನಿಮಗೆ ಧರ್ಮ ಅಡ್ಡ ಬಂತು. ಇಲ್ಲಿ ಒಂದು ತುತ್ತು ಅವಲಕ್ಕಿಗೆ ಹತ್ತು ಜನಕ್ಕೆ ಹಂಚಿಬಿಟ್ರಲ್ಲ ರೀ!"

೪. ಸುಮ್ಮನೆ ಮಲಗಿದ್ದರ ಉಪಯೋಗ

ನಮ್ಮ ಗೈಡು ಒಬ್ಬ ಸ್ಪೇನಿನ ಹುಡುಗಿ. ಚುರುಕು, ಒಳ್ಳೆಯ ಮಾತಿನವಳು. ಮರುದಿನ ಬಂಡೆಗಳ ಗುಡ್ಡ ಹತ್ತಿಸಿದಳು, ರಣಹದ್ದು ತೋರಿಸಲು. ರಣಹದ್ದುಗಳು ಇದ್ದವು, ಆಕಾಶದಲ್ಲಿ ಸಾಸಿವೆ ಕಾಳಿನಷ್ಟು. ಎರಡು ತಾಸು ಕಾದರೂ ಒಂದೂ ಕೆಳಗೆ ಬರಲಿಲ್ಲ. ಬಿಸಿಲು. ಹಿಂದಿನ ದಿನದ ಒಪ್ಪತ್ತು ಬೇರೆ. ಒಂದು ಚಪ್ಪಟೆ ಬಂಡೆಯ ಮೇಲೆ ಟವೆಲು ಹಾಸಿ, ಮುಖಕ್ಕೆ ಧೋತರದ ಚುಂಗು ಎಳೆದುಕೊಂಡು ಮಲಗಿದೆ. ಪ್ರವಾಸದಲ್ಲೂ ನಾನು ಧೋತರವೇ ಉಡುವುದು.

ಕಣ್ಣು ಹತ್ತಿತ್ತು. ಎಚ್ಚರವಾದಾಗ ಮೈಮೇಲೆ ನೆರಳು ಓಡಾಡಿದಂತಾಯಿತು. ಒಂದಲ್ಲ, ಏಳೆಂಟು. ರೆಕ್ಕೆಗಳ ಸದ್ದು ಕಿವಿಗೇ ಬರುತ್ತಿತ್ತು.

"ಏಳ್ರೀ!" ನನ್ನಾಕೆಯ ಧ್ವನಿ. "ಅವು ನಿಮ್ಮನ್ನ ಒಯ್ಯಾಕ ಬಂದಾವ!"

"ಪ್ಲೀಸ್, ಅಲುಗಾಡಬೇಡಿ ಸರ್!" ಗೈಡು ಹುಡುಗಿಯ ಧ್ವನಿ.

"ಅಲುಗಾಡ್ರೀ!"

"ಒಂದೇ ನಿಮಿಷ ರೀ," ಎಂದರು ಡಾಕ್ಟರು. "ಇನ್ನೂ ಎರಡು ಜಾತಿ ಬರ್ತಿವೆ. ಉಸಿರು ಸ್ವಲ್ಪ ಕಡಿಮೆ ಮಾಡ್ಕೊಳ್ಳಿ."

ಎಲ್ಲರೂ ಹೇಳಿದಂತೆ ಕೇಳುವುದು ಸಾಧ್ಯವಿರಲಿಲ್ಲ. ದೇವರನ್ನು ನೆನೆದು, ಬಹುಮತಕ್ಕೆ ಬಿಟ್ಟು ಮಲಗಿದ್ದೆ. ಕಡೆಗೆ ನಾನೂ ಮುಸುಕು ತೆಗೆದು ನೋಡಿ ಸಾಕ್ಷಿಯಾದದ್ದರಿಂದ ಅವುಗಳಲ್ಲಿ ಮೂರು ಜಾತಿ ಡಾಕ್ಟರ ಪಟ್ಟಿಗೆ ಸೇರಿದವು. ಮುನ್ನೂರ ತೊಂಬತ್ತೊಂಬತ್ತು. ಇನ್ನೊಂದೇ. ಆ ಹುಡುಗಿ ನನ್ನ ಕೈಕುಲುಕಿ, ಮುಂದಿನ ವಾರ ಇನ್ನೊಂದು ತಂಡ ಬರುವುದಿದೆ, ತಾವು ಉಳಿಯಬಹುದೇ ಎಂದು ಕೇಳಿದಳು.

ನನ್ನಾಕೆ ಅಡ್ಡ ಬಂದಳು. "ಇಷ್ಟ ಚಂದ ಮಲಗೂದನ್ನ ಮನ್ಯಾಗ ಮೂವತ್ತು ವರ್ಷ ನೋಡೇನಿ ತಂಗಿ. ಒಂದು ಗುಬ್ಬಿನೂ ಬಂದಿಲ್ಲ."

೫. ನಾನೂರು

ಕಡೆಯ ದಿನ, ಕಡೆಯ ತಾಸು. ಓಕ್ ಮರಗಳ ಬಯಲು. ಡಾಕ್ಟರು ಕೇಳಿದ್ದು ಒಂದೇ ಹಕ್ಕಿ, ಸ್ಪೇನಿನ ಇಂಪೀರಿಯಲ್ ಹದ್ದು. ಕಂದು ಮೈ, ಹೆಗಲ ಮೇಲೆ ಬಿಳಿ. ಬೆಳಗಿನಿಂದ ಅದರ ಸುಳಿವಿಲ್ಲ. ವಿಮಾನಕ್ಕೆ ಹೊತ್ತಾಗುತ್ತಿತ್ತು. ನನ್ನಾಕೆ, ನೆನಪಿಗಿರಲಿ ಎಂದು ನಮ್ಮಿಬ್ಬರನ್ನೂ ಬೇಲಿಯ ಹತ್ತಿರ ನಿಲ್ಲಿಸಿ ಫೋನು ಎತ್ತಿದಳು.

ಅಷ್ಟರಲ್ಲಿ ಗೈಡು ಹುಡುಗಿ ಕೂಗಿದಳು. ತಲೆಯ ಮೇಲೆಯೇ, ಮರದಿಂದ ಮರಕ್ಕೆ, ದೊಡ್ಡದೊಂದು ಹಕ್ಕಿ ಹೊರಳಿತು. ಕಂದು, ಬಿಳಿ, ಬಿಸಿಲು. ಎರಡೋ ಮೂರೋ ಕ್ಷಣ. ಆಮೇಲೆ ಬರೀ ಆಕಾಶ.

"ಆಯಿತಲ್ಲ!" ಡಾಕ್ಟರು ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. "ಆಯಿತಲ್ಲ ರೀ?"

"ದರ್ಶನ ಆತ್ರೀ," ಎಂದೆ.

ಹದಿನೈದು ದಿನದ ಮೇಲೆ ಯೂನಿಯನ್‌ವಿಲ್‌ನಲ್ಲಿ, ಪ್ರೊಫೆಸರ ಬೇಸ್‌ಮೆಂಟಿನಲ್ಲಿ ಸಭೆ. ಡಾಕ್ಟರು ಕೋಟು ಹಾಕಿಕೊಂಡು ಬಂದಿದ್ದರು. ಪ್ರೊಫೆಸರು ಪಟ್ಟಿ ಓದಿ ನನ್ನನ್ನು ನಿಲ್ಲಿಸಿಕೊಂಡರು.

"ನೀವು ನೋಡಿದ್ದು ಹೌದಾ ಮಾರಾಯ್ರೆ? ಹೆಗಲ ಬಿಳಿ ಎಷ್ಟಗಲ ಇತ್ತು?"

"ಅದನ್ನ ಹೇಳಾಕ ಬರೂದಿಲ್ರೀ."

"ಎಷ್ಟು ಹೊತ್ತು ನೋಡಿದ್ರಿ?"

"ಕೈ ಎತ್ತೂತನಕ."

"ಕೈ ಯಾಕೆ ಎತ್ತಿದ್ದು?"

"ಕಂದು ಮೈ, ಬಿಳಿ ಕಂಡ್ತು. ಗರುಡ ಬಂದ ಅನಿಸ್ತು. ಗರುಡನ್ನ ಕಂಡ್ರ ಕೈ ಮುಗಿಯೂದು ನಮ್ಮ ಪದ್ಧತಿ. ಕಣ್ಣು ಮುಚ್ಚಿ ಕೈ ಮುಗದ್ಯಾ. ತೆಗದಾಗ ಹೋಗಿತ್ತು."

ಡಾಕ್ಟರು ಎದ್ದು ನಿಂತರು. "ಕಣ್ಣು ಬಿಟ್ಕೊಂಡು ಮುಗಿಯೋಕೆ ಏನಾಗಿತ್ರೀ ನಿಮಗೆ?"

"ಕಣ್ಣು ಬಿಟ್ಕೊಂಡು ಕೈ ಮುಗಿಯೋರು ಇಲೆಕ್ಷನ್ನಿಗೆ ನಿಂತವ್ರು, ಸಾಹೇಬ್ರ."

"ಇವರ ಭಕ್ತಿ ನನ್ನ ನಾನೂರನ್ನು ನುಂಗಿತು!" ಎಂದು ಡಾಕ್ಟರು ಸಭೆಗೆ ಹೇಳಿದರು. "ನಾನು ನೋಡಿದ್ದೇನೆ. ಕಣ್ಣಾರೆ! ಆ ಹುಡುಗಿಯನ್ನು ಬೇಕಾದರೆ ಕೇಳಿ. ಒಬ್ಬ ವೈದ್ಯನ ಮಾತಿಗೆ ಬೆಲೆ ಇಲ್ಲವೇ?"

ಗಂಡನನ್ನು ಹತ್ತು ಜನರ ಮುಂದೆ ಅಂದದ್ದು ನನ್ನಾಕೆಗೆ ಸೇರಲಿಲ್ಲ. "ತಡೀರಿ ಡಾಕ್ಟ್ರ. ನಮ್ಮವರು ಮುಗದದ್ದು ಎಷ್ಟು ಭಕ್ತಿಲೆ ಮುಗದಾರು, ಮಂದಿ ನೋಡಲಿ," ಎಂದು ಫೋನಿನ ಚಿತ್ರವನ್ನು ಗೋಡೆಯ ದೊಡ್ಡ ಟಿವಿಗೆ ಹಾಕಿಸಿದಳು.

ಮೇಲೆ, ಇಡೀ ಆಕಾಶ ತನ್ನದೇ ಎನ್ನುವಂತೆ, ಹದ್ದು. ಹೆಗಲ ಬಿಳಿ ಗರಿಯನ್ನು ಒಂದೊಂದಾಗಿ ನೋಡಬಹುದು. ಕತ್ತು ಬಗ್ಗಿಸಿ ಕೆಳಗೇ ದೃಷ್ಟಿ ನೆಟ್ಟಿತ್ತು. ಕೆಳಗೆ ನಾನು, ಕೈ ಜೋಡಿಸಿ, ಕಣ್ಣು ಮುಚ್ಚಿ. ನನ್ನ ಪಕ್ಕದಲ್ಲಿ ಡಾಕ್ಟರು. ದುರ್ಬೀನು ಎದೆಯ ಮೇಲೆ ಜೋತಾಡುತ್ತಿದೆ. ಎರಡೂ ಕೈ ಎರಡೂ ಕೆನ್ನೆಯ ಮೇಲೆ, ಗಲ್ಲ ಬಡಿದುಕೊಳ್ಳುತ್ತಿರುವ ಭಂಗಿ. ಕಣ್ಣು ನನ್ನದಕ್ಕಿಂತ ಬಿಗಿಯಾಗಿ ಮುಚ್ಚಿದೆ.

ಡಾಕ್ಟರು ಚಿತ್ರವನ್ನೇ ನೋಡುತ್ತ ಕುರ್ಚಿಯ ಮೇಲೆ ಕುಸಿದರು.

"ಅದು... ರಿಫ್ಲೆಕ್ಸು ರೀ," ಎಂದರು ಸಣ್ಣ ಧ್ವನಿಯಲ್ಲಿ. "ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಕಾಲು ಎಗರಲ್ವೇ, ಹಾಗೆ. ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು. ನನಗೆ ಗೊತ್ತೇ ಆಗಲಿಲ್ಲ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಟಿವಿಯ ಹತ್ತಿರ ಹೋಗಿ ಹದ್ದಿನ ಕಣ್ಣನ್ನು ನಿಧಾನವಾಗಿ ಪರೀಕ್ಷಿಸಿದರು. ಆಮೇಲೆ ತೀರ್ಪು ಕೊಟ್ಟರು:

"ಕಾನೂನು ಕಾನೂನೇ ಡಾಕ್ಟ್ರೆ. ಹಕ್ಕಿಯನ್ನು ನೀವಿಬ್ರೂ ನೋಡ್ಲಿಲ್ಲ. ಆದ್ರೆ ಹಕ್ಕಿ ನಿಮ್ಮಿಬ್ರನ್ನೂ ಸರಿಯಾಗಿ ನೋಡಿದೆ. ಬೇಕಾದ್ರೆ ಅದು ತನ್ನ ಪಟ್ಟಿಗೆ ಸೇರಿಸಿಕೊಳ್ಳಲಿ."