ಊರಿಗೆಲ್ಲ ಕೊಟ್ಟು ಕೋರ್ಟಿಗೆ ಕೊಡದ ಉತ್ತರದ ಬಗ್ಗೆ

ಇಂದ:
ಬಂದಗಿಸಾಬ ನದಾಫ,
ಗಾದಿ ಹೊಲಿಯುವವನು ಹಾಗೂ ಸೋತ ಪ್ರತಿವಾದಿ,
ಮು. ಪೋ. ಅಂಕಲಗಿ, ತಾ. ಗೋಕಾಕ.

ಗೆ:
ಮಾನ್ಯ ದಿವಾಣಿ ನ್ಯಾಯಾಧೀಶರು,
ಗೋಕಾಕ.

ವಿಷಯ: ಬೇಕಾದಷ್ಟು ಹೇಳಿದವನು ಏನೂ ಹೇಳಿಲ್ಲವೆಂದು ಆದ ಏಕಪಕ್ಷೀಯ ತೀರ್ಪನ್ನು ರದ್ದು ಮಾಡುವ ಕುರಿತು.

ಉಲ್ಲೇಖ: 1. ನೆರೆಮನೆಯ ಅಲ್ಲಪ್ಪ ಹಾಕಿದ ದಾವೆ.
2. ಅದರ ಬಗ್ಗೆ ಅರ್ಜಿದಾರನ ಹೆಂಡತಿ ರಶೀದಾಬಿ ದಿನಾ ಬೆಳಿಗ್ಗೆ ಹೊರಡಿಸುವ ಆದೇಶ (ಮೌಖಿಕ).

ಮಾನ್ಯರೇ,

ಸದರಿ ಅರ್ಜಿದಾರನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನ ಮನೆಗೂ ಅಲ್ಲಪ್ಪನ ಮನೆಗೂ ನಡುವೆ ಒಂದು ಸಂದಿ ಇರುತ್ತದೆ. ಅರ್ಜಿದಾರನ ಎಮ್ಮೆ ಹಿತ್ತಲಿನಿಂದ ಹೊರಬೀಳಲು ಅದೊಂದೇ ದಾರಿ. ಸದರಿ ಸಂದಿ ಪೂರ್ತಿ ತನ್ನದೆಂದೂ, ಅದಕ್ಕೆ ಗೋಡೆ ಕಟ್ಟುವುದಾಗಿಯೂ ಅಲ್ಲಪ್ಪನು ದಾವೆ ಹೂಡಿದನು.

2. ಸಮನ್ಸ್ ತಂದ ಬೇಲಿಫರನ್ನು ಅರ್ಜಿದಾರನು, ಈ ಭಾಗದ ರೂಢಿಯಂತೆ, ಹೊಸ ಗಾದಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಸಂದಿ ಎರಡೂ ಮನೆಗೆ ಸೇರಿದ್ದೆಂಬ ತನ್ನ ಉತ್ತರವನ್ನು ಅಜ್ಜನ ಕಾಲದಿಂದ ಶುರುಮಾಡಿ ಪೂರ್ತಿ ಹೇಳಿರುತ್ತಾನೆ. ಅವರು ತಲೆಯಾಡಿಸಿ, ಹೊರಡುವಾಗ "ಇದನ್ನೆಲ್ಲ ಮೂವತ್ತ ದಿನದಾಗ ಬರದ ಕೋರ್ಟಿಗೆ ಕೊಡ್ರಿ" ಅಂದದ್ದು ಖರೆ. ಆದರೆ ಮನೆಗೆ ಬಂದ ಸರಕಾರಿ ಮನುಷ್ಯನ ಕಿವಿಗೆ ಹಾಕಿದ ಮಾತು ಸರಕಾರಕ್ಕೆ ಮುಟ್ಟಿದಂತೆಯೇ ಎಂದು ಅಂಕಲಗಿಯಲ್ಲಿ ತಿಳಿಯಲಾಗುತ್ತದೆ. ಕಾರಣ, ಮತ್ತೊಮ್ಮೆ ಬರೆದು ಕೊಟ್ಟರೆ ಅವರ ಮೇಲೆ ನಂಬಿಕೆ ಇಲ್ಲದಂತಾದೀತೆಂದು ಅರ್ಜಿದಾರನು ಮರ್ಯಾದೆಯಿಂದ ಸುಮ್ಮನಿದ್ದನು.

3. ಸುಮ್ಮನಿದ್ದನು ಎಂದರೆ ಕೋರ್ಟಿನ ಮಟ್ಟಿಗೆ ಮಾತ್ರ. ಅದೇ ಉತ್ತರವನ್ನು ಹುಕ್ಕೇರಿಯ ಮದುವೆಯಲ್ಲಿ ಊಟಕ್ಕೆ ಕೂತವರಿಗೆಲ್ಲ, ಮೂಡಲಗಿಗೆ ಗಾದಿ ಒಯ್ಯುವಾಗ ಟೆಂಪೋ ಡ್ರೈವರನಿಗೆ ಹೇಳಿರುತ್ತಾನೆ. ಚಹಾದಂಗಡಿಯಲ್ಲಿ ಖುದ್ದು ಅಲ್ಲಪ್ಪನೇ ಬಾಜೂಕ್ಕೆ ಕೂತು ಕೇಳಿ, "ನೀ ಅನ್ನೂದೂ ಖರೇನ ಐತಿ ಬಿಡ, ಬಂದಗಿ" ಎಂದು ಒಪ್ಪಿ, ಇಬ್ಬರ ಚಹಾದ ರೊಕ್ಕವನ್ನೂ ತಾನೇ ಕೊಟ್ಟಿರುತ್ತಾನೆ. ಕೋರ್ಟಿನ ಕಟಕಟೆಯಲ್ಲಿ ಮಾತ್ರ ಈ ಒಪ್ಪಿಗೆ ಅವನಿಗೆ ನೆನಪಾಗಿರುವುದಿಲ್ಲ.

4. ಪ್ರತಿವಾದಿಯು ಉತ್ತರ ಸಲ್ಲಿಸಿಲ್ಲ, ಹಾಜರೂ ಆಗಿಲ್ಲ, ಆದ್ದರಿಂದ ಸಂದಿ ಅಲ್ಲಪ್ಪನದು ಎಂದು ತೀರ್ಪಾಯಿತು. ಬಂದಗಿಸಾಬ ಮಾತಾಡಿಲ್ಲವೆಂಬುದನ್ನು ಓದಿ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಶೀದಾಬಿ ನಗಲಿಲ್ಲ. "ಎಮ್ಮಿ ಇನ್ನ ಅಡಗಿಮನ್ಯಾಗ ಹಾಯ್ದ ಹೋಗಬೇಕೇನ್ರಿ?" ಎಂದಷ್ಟೇ ಕೇಳಿದಳು. ಮರುದಿನವೇ ಅರ್ಜಿದಾರನು ಗೋಕಾಕದ ಬಸ್ಸು ಹತ್ತಿದನು.

5. ಗೋಕಾಕದ ವಕೀಲರಾದ ಮೇಘಾ ಅವರು ಎಲ್ಲ ಕೇಳಿ, "ಕಾಕಾ, ಊರಿಗೆಲ್ಲ ಹೇಳೀರಿ, ಕೋರ್ಟಿಗೊಂದ ಹೇಳಿಲ್ಲ" ಎಂದರು. ಗಡುವು ತಪ್ಪಿದ್ದಕ್ಕೆ ಸಕಾರಣ ಬೇಕು, ಜಡ್ಡು ಜಾಪತ್ರಿ, ಅಂದರೆ ಕಾಯಿಲೆ ಕಸಾಲೆ, ಏನಾದರೂ ಆಗಿತ್ತೇ ಎಂದೂ ಕೇಳಿದರು. ಸದರಿ ಅವಧಿಯಲ್ಲಿ ಅರ್ಜಿದಾರನು ಹುಕ್ಕೇರಿಯಲ್ಲಿ ಎರಡನೇ ಸಲ ಬಿರಿಯಾನಿ ಹಾಕಿಸಿಕೊಂಡದ್ದನ್ನು ಕಂಡವರು ಬಹಳ ಇರುವ ಕಾರಣ, ಆ ಕಾರಣವನ್ನು ಕೈಬಿಡಲಾಗಿದೆ.

ಅಲ್ಲಪ್ಪನು ವೇಳೆಗೆ ಸರಿಯಾಗಿ ಬರೆದುಕೊಟ್ಟ ಸುಳ್ಳು ಖರೆಯಾಗಿ, ತಾನು ಬಾಯಲ್ಲಿ ಹೇಳಿದ ಖರೆ ಗಾಳಿಗೆ ಹೋದದ್ದರಿಂದ ಅರ್ಜಿದಾರನಿಗೆ ಕಾನೂನು ಈಗ ಚೆನ್ನಾಗಿ ಅರ್ಥವಾಗಿರುತ್ತದೆ. ಆದ್ದರಿಂದ ತೀರ್ಪನ್ನು ರದ್ದು ಮಾಡಿ, ಅದೇ ಉತ್ತರವನ್ನು, ಅಜ್ಜನನ್ನು ಬಿಟ್ಟು, ಬರೆದು ಕೊಡಲು ಒಂದು ಅವಕಾಶ ಕೊಡಬೇಕಾಗಿ ವಿನಂತಿ.

ತಡವಾಗಿಯಾದರೂ ತಮ್ಮ ವಿಶ್ವಾಸಿ,
ಬಂದಗಿಸಾಬ ನದಾಫ

ಲಗತ್ತುಗಳು:
ಅ) ತೀರ್ಪಿನ ನಕಲು.
ಆ) ಸಮನ್ಸ್, ಚಹಾದ ಕಪ್ ಇಟ್ಟ ಗುರುತಿನೊಂದಿಗೆ.
ಇ) ಸಂದಿಯಲ್ಲಿ ನಿಂತ ಎಮ್ಮೆಯ ಫೋಟೋ. ಎರಡೂ ಬದಿಗೆ ಜಾಗ ಉಳಿದಿಲ್ಲವೆಂಬುದನ್ನು ಗಮನಿಸಬೇಕು.

ಕಡೆಯ ವಿನಂತಿ: ಅಲ್ಲಪ್ಪನು ಈಗಾಗಲೇ ಇಟ್ಟಂಗಿ ಇಳಿಸಿಕೊಂಡಿರುತ್ತಾನೆ. ಗೋಡೆ ಏಳುವುದೇ ಆದಲ್ಲಿ, ಏಳುವ ಹೊತ್ತಿಗೆ ಎಮ್ಮೆ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ತಮ್ಮ ಉತ್ತರಕ್ಕೆ ಗಡುವೇನೂ ಇರುವುದಿಲ್ಲ.