ಅಂಬಾಸಿಡರಿನ ಹೊಸ ಮೂಗು

ಎಲ್ಲಕ್ಕೂ ಮೂಲ ಒಂದು ಥಳಥಳಿಸುವ ತಗಡು. ದೋಸೆಹಂಚಿನಷ್ಟು ಅಗಲ, ಸುತ್ತ ಜಾಲರಿ, ಮೇಲೆ ಬೆಳ್ಳಿಬಣ್ಣದ ಮುಚ್ಚಳ. ಹಳೇ ಕಾಲದ ರೇಸ್ ಕಾರುಗಳ ಮಾದರಿಯ ಏರ್ ಕ್ಲೀನರ್ ಎಂದು ಉಪೇಂದ್ರ ಅದನ್ನು ಆನ್‌ಲೈನಿನಲ್ಲಿ ತರಿಸಿದ್ದ.

ನಾರಾಯಣಗೂಡದ ಅವನ ಅಪಾರ್ಟ್‌ಮೆಂಟಿನ ಸಂಘದವರು ಕೆಟ್ಟು ನಿಂತ ಗಾಡಿಗಳನ್ನೆಲ್ಲ ಹೊರಗೆ ಹಾಕಿಸುವವರಿದ್ದರು. ಈ ಭಾನುವಾರ ಸಂಜೆ ಅವನ ಅಂಬಾಸಿಡರ್ ಎಲ್ಲರೆದುರು ಕಾಂಪೌಂಡಿನಲ್ಲಿ ಒಂದು ಸುತ್ತು ಹಾಕಬೇಕು. ಹಾಕದಿದ್ದರೆ ಮರುದಿನವೇ ಗುಜರಿಯವನು ಬರುತ್ತಾನೆ. ತೀರಿಹೋದ ತಂದೆ ಅಮರಯ್ಯನವರ ಕಾರು ಅದು. ಪ್ರತಿ ಜನವರಿಯಲ್ಲಿ ಮನೆಮಂದಿಯನ್ನೆಲ್ಲ ಅದರಲ್ಲಿ ತುಂಬಿಕೊಂಡು ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗುತ್ತಿದ್ದರು. ಈ ಸಲ ತಾನು ಕರೆದೊಯ್ಯುತ್ತೇನೆಂದು ಉಪೇಂದ್ರ ತಾಯಿಗೆ ಮಾತು ಕೊಟ್ಟಿದ್ದ. ಅವನು ಕೊಟ್ಟ ಮಾತುಗಳೇ ಕಡಿಮೆ. ಉಳಿಸಿಕೊಂಡವು ಇನ್ನೂ ಕಡಿಮೆ.

ಹಾಗೆ ನೋಡಿದರೆ ಕಾರು ಓಡುತ್ತಿತ್ತು. ಆದರೆ ಸಂಘದ ಅಧ್ಯಕ್ಷ ಸೋಮಣ್ಣನವರು ಹೋದ ವಾರ ಬಾನೆಟ್ ಎತ್ತಿಸಿ, ಒಳಗಿದ್ದ ಕಪ್ಪು ಏರ್ ಕ್ಲೀನರನ್ನು ಬೆರಳಿನಿಂದ ತಟ್ಟಿ, “ಇದೇನ್ರಿ, ಡಾಂಬರ್ ಕಾಸೂ ಡಬ್ಬಿ ಇಟ್ಟಂಗ ಐತಿ” ಎಂದಿದ್ದರು. ಆ ಮಾತು ಉಪೇಂದ್ರನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅವನು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆ ಕರಿ ಡಬ್ಬಿಯ ತಳದಲ್ಲಿ ಎಣ್ಣೆ ಇರುತ್ತದೆ, ಧೂಳೆಲ್ಲ ಅದಕ್ಕೆ ಅಂಟುತ್ತದೆ, ಇಂಜಿನ್ ಕೆಮ್ಮಿ ಬೆಂಕಿ ಉಗುಳಿದರೂ ಡಬ್ಬಿಯೇ ನುಂಗಿಕೊಳ್ಳುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸದು ಹೊಳೆಯುತ್ತದೆ, ಅಷ್ಟೇ. ಗೊತ್ತಿದ್ದೂ ತಪ್ಪು ಮಾಡುವುದಕ್ಕೆ ಪದವಿ ಬೇಕಾಗುತ್ತದೆ. ಅವನ ಬಳಿ ಎರಡಿದ್ದವು.

ಭಾನುವಾರ ಬೆಳಿಗ್ಗೆ ಹೊಸದನ್ನು ಕೂಡಿಸಿ ಗಾಡಿ ಚಾಲೂ ಮಾಡಿದ. ಸದ್ದು ಇಮ್ಮಡಿಯಾಗಿತ್ತು. ಶಕ್ತಿ ತುಸು ಕುಂದಿದಂತಿತ್ತು, ಆದರೆ ಆ ಸದ್ದಿನಲ್ಲಿ ಅದು ಯಾರಿಗೆ ತಿಳಿಯಬೇಕು! ಸದ್ದಿಗೆ ಕೆಳಮನೆಯ ಗಂಗಾಬಾಯಿ ಹೊರಗೆ ಬಂದರು.

“ಇದೇನಪಾ, ಇಂಜಿನ್ ಮ್ಯಾಲ ಇಡ್ಲಿ ಕುಕ್ಕರ್ ಕುಂದರಿಸೀದಿ?”

“ಇದು ಗಾಡಿ ಮೂಗು ಇದ್ದಂಗ, ಮಾವಶಿ. ಗಾಳಿ ಇಲ್ಲಿಂದನ ಒಳಗ ಹೋಗತೈತಿ.”

“ಹೊಸಾ ಮೂಗು! ಪೂಜಿ ಆಗೇತೇನು?”

“ಪೂಜಿ ಗಾಡಿಗೆ ಮಾಡ್ತಾರ, ಮೂಗಿಗಲ್ಲ.”

“ಪಾರ್ವತೆಕ್ಕಾ! ಕೇಳಿದ್ರೇನು ನಿಮ್ಮ ಮಗನ ಮಾತು?” ಎಂದು ಗಂಗಾಬಾಯಿ ಎರಡನೇ ಮಹಡಿಗೆ ಕೂಗಿದರು. ಆಮೇಲೆ ನೆಲದ ಮೇಲಿದ್ದ ಹಳೇ ಡಬ್ಬಿಯನ್ನು ಕಾಲಿನಿಂದ ಹೊರಳಿಸಿ, “ಈ ಕರೀ ಪಾತ್ರಿ ನಿಂಗ ಬೇಕೇನು?” ಎಂದರು.

“ಸದ್ಯಕ್ಕ ಬ್ಯಾಡ ಮಾವಶಿ, ಅಲ್ಲೇ ಇರ್ಲಿ.”

ಗಂಗಾಬಾಯಿಗೆ ‘ಬ್ಯಾಡ’ ಎಂಬುದಷ್ಟೇ ಸಾಕಾಗಿತ್ತು.

ಸಂಜೆ ಇಡೀ ಅಪಾರ್ಟ್‌ಮೆಂಟ್ ಕೆಳಗಿಳಿಯಿತು. ಪಾರ್ವತೆಮ್ಮ ಆರತಿ ತಟ್ಟೆ ತಂದರು. ಮುಚ್ಚಳದ ಮೇಲೆ ಕುಂಕುಮ, ಅದರ ಮೇಲೆ ನಿಂಬೆಹಣ್ಣು, ಜಾಲರಿಯ ಸುತ್ತ ಚೆಂಡುಹೂವಿನ ದಪ್ಪನೆಯ ಹಾರ.

“ಅವ್ವಾ, ಹಾರ ತಗಿ. ಗಾಳಿ ಕಟ್ಟತೈತಿ.”

“ಪೂಜಿ ಹಾರ ತಗೀತಾರೇನೋ? ನಿಮ್ಮಪ್ಪ ಎಂದರ ಹಿಂಗಂದಿದ್ನೇನು?”

ಉಪೇಂದ್ರ ಹಾರಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆರತಿ ಮುಗಿಯಿತು. ಅವನು ಒಳಗೆ ಕೂತು ಕೀಲಿ ತಿರುಗಿಸಿದ. ಗಾಳಿ ಸಿಗದ ಇಂಜಿನ್ ಬರಿ ಪೆಟ್ರೋಲ್ ಕುಡಿದು, ಹೊಟ್ಟೆ ಕೆಟ್ಟ ಎಮ್ಮೆಯಂತೆ ಮುಲುಗಿತು. ಮತ್ತೆ ತಿರುಗಿಸಿದ. ಮತ್ತೆ ಮುಲುಗಿತು. ಸೋಮಣ್ಣನವರು, ತಪ್ಪು ಸಿಕ್ಕೇಬಿಟ್ಟಿತೆಂಬ ಖುಷಿಯಲ್ಲಿ, ತೆರೆದ ಬಾನೆಟ್ಟಿನೊಳಗೆ ಬಗ್ಗಿದರು. ಅದು ಅವನಿಗೆ ಕಾಣಲಿಲ್ಲ. ಇನ್ನೊಮ್ಮೆ ತಿರುಗಿಸಿದ.

ಭಪ್!

ಜಾಲರಿಯ ಸುತ್ತಲಿಂದ ಜ್ವಾಲೆ ಆಳೆತ್ತರ ಎದ್ದು ಹಾಗೇ ಅಡಗಿತು. ನಿಂಬೆಹಣ್ಣು ಹಾರಿ ಸೋಮಣ್ಣನವರ ಎದೆಗೆ ಬಡಿಯಿತು. ಅವರ ಮೀಸೆಯ ಒಂದು ತುದಿ ಹುರಿದ ಶಾವಿಗೆಯಂತೆ ಸುರುಳಿಯಾಯಿತು.

ಉಪೇಂದ್ರ ಕಾರಿನಿಂದ ಜಿಗಿದು, ಗೋಡೆಗಿದ್ದ ಮರಳಿನ ಬಕೀಟು ಹಿಡಿದು ಓಡಿಬಂದ. ಅವನಿಗೆ ಗುಜರಿಯವನ ಲಾರಿ ಗೇಟಿನೊಳಗೆ ಬಂದ ಸದ್ದು ಆಗಲೇ ಕೇಳಿಸಿತು. ತಂದೆಯ ಕಾರನ್ನು ತನ್ನ ಕೈಯಾರೆ ಕೊಂದಂತಾಯಿತು.

“ಯಪ್ಪಾ ದೇವರ!” ಗಂಗಾಬಾಯಿ ಕೈಮುಗಿದರು. “ಆರತಿ ಆಗೂದರಾಗ ಜ್ಯೋತಿ ಎದ್ದಿತಲ್ಲೋ!”

ಸೋಮಣ್ಣನವರು ಸುಟ್ಟ ಮೀಸೆ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. “ಇಷ್ಟು ಬೆಂಕಿ ಎದ್ರೂ ನಂಗೇನೂ ಆಗಲಿಲ್ಲ. ಇದು ಸಾದಾ ಗಾಡಿ ಅಲ್ರಿ.”

“ಅದು ಬ್ಯಾಕ್‌ಫೈರ್ ರೀ! ಹಾರದಿಂದ ಗಾಳಿ ಕಟ್ಟಿತ್ತು, ಅದಕ್ಕ ಬೆಂಕಿ ಬಂತು” ಎಂದ ಉಪೇಂದ್ರ.

“ಹಾರ ಹಾಕಿದ್ದಕ್ಕನ ಬಂತು ಅಂತ ನೀವ ಒಪ್ಪಾಕತ್ತೀರಲ್ಲ!” ಎಂದರು ಸೋಮಣ್ಣನವರು.

ಸಂಘ ಅಲ್ಲೇ ನಿಂತು ಠರಾವು ಮಾಡಿತು. ಅಂಬಾಸಿಡರ್ ಇದ್ದಲ್ಲೇ ಇರಬೇಕು, ಯಾರೂ ಕದಲಿಸಕೂಡದು. ಯಾರೋ ಆಗಲೇ ಗಾಲಿಗಳ ಸುತ್ತ ರಂಗೋಲಿ ಎಳೆಯುತ್ತಿದ್ದರು.

ಜಾಗ ಉಳಿಯಿತಲ್ಲ ಎಂದು ಉಪೇಂದ್ರನಿಗೆ ಹೋದ ಜೀವ ಬಂದಂತಾಯಿತು. “ಹಂಗಾದ್ರ ಹಳೇದನ್ನ ಹಾಕಿ ಒಂದು ಸುತ್ತು ಹೊಡಕೊಂಡು ಬರ್ತೀನ್ರಿ” ಎಂದ.

“ಛೆ ಛೆ! ಇನ್ನ ಸುತ್ತು ಹಾಕೂದು ಗಾಡಿ ಅಲ್ಲ, ನಾವು” ಎಂದು ಸೋಮಣ್ಣನವರು ಮೊದಲನೇ ಪ್ರದಕ್ಷಿಣೆ ಶುರುಮಾಡಿದರು.

ಉಪೇಂದ್ರ ಹಳೇ ಡಬ್ಬಿ ಹುಡುಕಿದ. ಅದು ಕಾರಿನ ಮುಂದೆಯೇ ಇತ್ತು, ಅರಿಸಿನ ಹಚ್ಚಿಸಿಕೊಂಡು, ಒಡಲ ತುಂಬ ಮಣ್ಣು ಹಾಕಿಸಿಕೊಂಡು, ಒಂದು ಸಸಿ ನೆಡಿಸಿಕೊಂಡು.

“ಮುಟ್ಟಬ್ಯಾಡೋ! ಮುಂಜಾನೇನ ತುಳಸಿ ಹಚ್ಚೀನಿ” ಎಂದರು ಗಂಗಾಬಾಯಿ.

ಪಾರ್ವತೆಮ್ಮ ಮಗನ ಹಣೆಗೆ ಕುಂಕುಮವಿಟ್ಟರು. ಅವರ ಕಣ್ಣುಗಳು ತುಂಬಿದ್ದವು. “ನಿಮ್ಮಪ್ಪನ ಗಾಡಿ ಉಳೀತಪಾ.”

“ಎಕ್ಸಿಬಿಷನ್ನಿಗೆ ಹ್ಯಾಂಗ ಹೋಗೂದವ್ವಾ?”

“ಮೆಟ್ರೋ ಐತಲ್ಲ.”

ಅವನು ಕೀಲಿಯನ್ನಾದರೂ ತೆಗೆದುಕೊಳ್ಳೋಣವೆಂದು ಕಾರಿನ ಬಾಗಿಲಿಗೆ ಕೈ ಚಾಚಿದ. ಪ್ರದಕ್ಷಿಣೆಯಲ್ಲಿದ್ದ ಸೋಮಣ್ಣನವರು ಗಕ್ಕನೆ ನಿಂತು ಅವನ ಕಾಲು ನೋಡಿದರು.

“ಉಪೇಂದ್ರ ಅವರ, ಚಪ್ಪಲಿ ಹೊರಗ ಬಿಟ್ಟು ಬರ್ರಿ.”